ಉತ್ತರ ಗೋಡೆಯ ಹಾವಸೆ

ಮಾರ್ಚ್ 4, ಸೋಮವಾರ

ನಿರ್ದೇಶಕರು ಇವತ್ತು ಬಾಗಿಲು ಹಾಕಿಸಿ ನನ್ನ ಕೈಗೆ ತಕ್ಕಡಿ ಕೊಟ್ಟರು. ತಕ್ಕಡಿ ಎನ್ನುವುದು ನನ್ನ ಮಾತು. ಅವರು ಹೇಳಿದ್ದು ‘ಸಮಾನ ಅಳತೆ’. ವಿಶ್ವವಿದ್ಯಾಲಯದ ಸಂಶೋಧಕರನ್ನೆಲ್ಲ, ಶಸ್ತ್ರಚಿಕಿತ್ಸೆಯವರಿಂದ ಹಿಡಿದು ವ್ಯಾಕರಣದವರ ತನಕ, ಒಂದೇ ಪಟ್ಟಿಯಲ್ಲಿ ನಿಲ್ಲಿಸಬೇಕು. ಯಾರು ಎಷ್ಟು ಪ್ರಬಂಧ ಬರೆದರು, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದರು, ಯಾರ ಜೊತೆ ಕೂಡಿ ಬರೆದರು, ಎಲ್ಲ ಸೇರಿ ಒಬ್ಬೊಬ್ಬರಿಗೆ ಒಂದೊಂದು ಅಂಕಿ. ಪಟ್ಟಿಯ ತಳದ ಹತ್ತನೇ ಒಂದು ಪಾಲಿನವರಿಗೆ ಜೂನ್‌ನಿಂದ ಹುದ್ದೆ ಇಲ್ಲ, ಕೋಣೆಯನ್ನಂತೂ ಮೇ ಮಧ್ಯದೊಳಗೇ ಬಿಡಬೇಕು.

“ಬೇರೆ ಯಾರಿಗೆ ಕೊಟ್ರೂ ಕೊಡಲಿ ಹಿಡಿದ ಹಾಗೆ ಹಿಡೀತಾರೆ ಮೇಡಂ. ನಿಮ್ಮ ಕೈ ಹಗುರ” ಎಂದರು.

ಹೊಗಳಿಕೆ ಎಂದು ಗೊತ್ತು. ಆದರೂ ನಿಜವೂ ಹೌದಲ್ಲವೇ? ನಾನು ಒಲ್ಲೆ ಎಂದರೆ ಹೊರಗಿನಿಂದ ಕೊಂಡುತಂದ ಯಾವುದೋ ತಂತ್ರಾಂಶ ಲೆಕ್ಕ ಹಾಕುತ್ತದೆ. ಗಣಿತದವನ ಐದು ಉಲ್ಲೇಖವನ್ನೂ ವೈದ್ಯನ ಐನೂರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆ. ಗಣಿತದಲ್ಲಿ ಐದೇ ಬಹಳ ಎಂದು ಅದಕ್ಕೆ ಯಾರು ಹೇಳಬೇಕು? ನಾನಾದರೆ ಒಬ್ಬೊಬ್ಬರನ್ನೂ ಅವರವರ ಕ್ಷೇತ್ರದ ಸರಾಸರಿಯ ಪಕ್ಕದಲ್ಲಿ ನಿಲ್ಲಿಸಿ ನೋಡುತ್ತೇನೆ. ಅದಕ್ಕೇ ಒಪ್ಪಿಕೊಂಡೆ. ಅದಕ್ಕೇ ತಾನೇ?

ಅಮ್ಮ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ವಿಷಯ ಕೇಳಿ ಕನ್ನಡಕ ತೆಗೆದಿಟ್ಟಳು. “ಪೇಪರ್ ತಿದ್ದುವಾಗ ಹೆಸರು ಕಾಣಬಾರದು ಅಂತ ನಾವು ಹಾಳೆ ಮಡಚಿ ಇಡ್ತಿದ್ವಿ. ನೀವು ಹೆಸರನ್ನೇ ತಿದ್ದೋಕೆ ಹೊರಟಿದೀರಿ.”

ದಿನಚರಿ ಬರೆದು ಎಷ್ಟೋ ವರ್ಷವಾಗಿತ್ತು. ಓದಿದ್ದೂ ದುಡಿದದ್ದೂ ಇಂಗ್ಲಿಷಿನಲ್ಲಿ. ಅದರಲ್ಲಿ ಬರೆಯಲು ಕೂತರೆ ಮೂರನೇ ಸಾಲಿಗೆ ವರದಿಯಾಗಿಬಿಡುತ್ತದೆ. ಕನ್ನಡ ನನಗೆ ಬಂದದ್ದು ಅಡುಗೆಮನೆಯಲ್ಲಿ, ಅಮ್ಮನ ಬೈಗುಳದಲ್ಲಿ. ಈ ಭಾಷೆಯಲ್ಲಿ ನನಗೆ ನುಣುಚಿಕೊಳ್ಳಲು ಬರುವುದಿಲ್ಲ. ಹಾಗಾಗಿ ಇದರಲ್ಲೇ.

ಮಾರ್ಚ್ 7, ಗುರುವಾರ

ಮಧ್ಯಾಹ್ನ ಗೆಳತಿ ಪಾಚಿಯ ಕೋಣೆಗೆ ಹೋಗಿದ್ದೆ. ಹಿಂದಿನ ಕಟ್ಟಡದ ನೆಲಮಹಡಿ, ಬಿಸಿಲು ಬಾರದ ಉತ್ತರದ ಮೂಲೆ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಒಳಗೆ ಸಾವಿರಾರು ಕಾಗದದ ಪೊಟ್ಟಣ, ಪ್ರತಿ ಪೊಟ್ಟಣದಲ್ಲೂ ಒಣಗಿದ ಹಾವಸೆ. ಐವತ್ತು ವರ್ಷದ ಹಿಂದೆ ಯಾರೋ ತಂದಿಟ್ಟ ಕಂದು ಚೂರಿನ ಮೇಲೆ ಅವಳು ಒಂದು ಹನಿ ನೀರು ಬಿಟ್ಟಳು. ನೋಡುತ್ತಿದ್ದಂತೆ ಎಲೆ ಬಿಚ್ಚಿ ಹಸಿರಾಯಿತು. ಎಷ್ಟು ಸಲ ತೋರಿಸಿದ್ದಾಳೋ, ಪ್ರತಿ ಸಲವೂ ನಾನು ಬಾಯಿ ಬಿಟ್ಟುಕೊಂಡು ನೋಡುತ್ತೇನೆ.

ಪಾಚಿ ಎಂದು ಹಾಸ್ಟೆಲ್ಲಿನಲ್ಲಿ ಹೆಸರಿಟ್ಟವಳು ನಾನೇ. ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಇದ್ದೆವು, ಅವಳ ಮಂಚದ ಕೆಳಗೆಲ್ಲ ತಟ್ಟೆಗಳಲ್ಲಿ ಹಸಿರು. ಪಾಚಿ ನೀರಿನದು, ನನ್ನದು ಹಾವಸೆ ಎಂದು ಅವಳು ಅಂದಿನಿಂದ ತಿದ್ದುತ್ತಲೇ ಇದ್ದಾಳೆ. ಯಾರು ಕೇಳುತ್ತಾರೆ? ನನ್ನ ಮಗಳೂ ಪಾಚಿ ಚಿಕ್ಕಮ್ಮ ಎನ್ನುತ್ತಾಳೆ.

ಇವತ್ತು ಅವಳ ಮುಖದಲ್ಲಿ ಕಳೆ ಇತ್ತು. ಹೊಸ ಜಾತಿಯೊಂದು ಸಿಕ್ಕಿದೆಯಂತೆ, ಜಗತ್ತಿನಲ್ಲಿ ಯಾರೂ ಗುರುತಿಸದೆ ಇದ್ದದ್ದು. ಪ್ರಬಂಧ ಅಚ್ಚಿಗೆ ಹೋಗಿದೆ.

“ನಾಲ್ಕು ದೇಶದ ಕಾಡು ಸುತ್ತಿದೆ ಕಣೇ, ಇಂಥದ್ದೊಂದು ಸಿಗಲಿ ಅಂತ. ಕೊನೆಗೆ ಎಲ್ಲಿತ್ತು? ಇದೇ ಕಿಟಕಿ ಹಿಂದೆ, ಗೋಡೆ ಮೇಲೆ. ಇಷ್ಟು ವರ್ಷ ಅದಕ್ಕೆ ಬೆನ್ನು ಹಾಕಿ ಕೂತಿದ್ದೆ.”

ಹೆಸರೇನು ಇಟ್ಟೆ ಎಂದರೆ ಹೇಳಲಿಲ್ಲ. ಅಚ್ಚಾಗಿ ಬರಲಿ, ಆಮೇಲೆ ನೋಡುವೆಯಂತೆ ಎಂದಳು. ಅವರ ಶಾಸ್ತ್ರದಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಮತ್ತೆ ತೆಗೆಯುವ ಹಾಗಿಲ್ಲವಂತೆ, ಇಟ್ಟವರೇ ಬಂದು ಬೇಡವೆಂದರೂ. “ಮಕ್ಕಳ ಹೆಸರಾದ್ರೂ ಬದಲಾಯಿಸಬಹುದು, ಹಾವಸೆದು ಆಗಲ್ಲ” ಎಂದು ನಕ್ಕಳು.

ಎಲ್ಲೆಲ್ಲಿಂದಲೋ ಜನ ಇವಳಿಗೆ ಪೊಟ್ಟಣ ಕಳಿಸುತ್ತಾರೆ. ಇವಳು ನೋಡಿ ಇಂಥದ್ದು ಎಂದು ಹೇಳುತ್ತಾಳೆ, ಅವರು ಅದನ್ನಿಟ್ಟುಕೊಂಡು ಪ್ರಬಂಧ ಬರೆಯುತ್ತಾರೆ, ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ. ಕೃತಜ್ಞತೆಯನ್ನು ಯಾವ ಅಳತೆಯೂ ಎಣಿಸುವುದಿಲ್ಲ. ಜೊತೆಗೆ ನನ್ನ ಹೆಸರನ್ನೂ ಹಾಕಿ ಎಂದು ಯಾಕೆ ಕೇಳುವುದಿಲ್ಲ ಎಂದು ಹಿಂದೊಮ್ಮೆ ಗದರಿದ್ದೆ. “ದಾರಿ ತೋರಿಸಿದವಳು ಅವರ ಮನೇಲಿ ಪಾಲು ಕೇಳ್ತಾಳೇನೇ?” ಎಂದಿದ್ದಳು.

ಇಂಥವಳಿಗಾಗಿಯೇ ಕ್ಷೇತ್ರದ ಸರಾಸರಿ ಎಂಬುದೊಂದು ಬೇಕು. ಹಾವಸೆಯವರ ನಡುವೆ ನಿಲ್ಲಿಸಿದರೆ ಇವಳು ಯಾರಿಗೂ ಕಡಿಮೆಯಿಲ್ಲ. ಹಗುರ ಮನಸ್ಸಿನಿಂದ ಮನೆಗೆ ಬಂದೆ.

ಮಾರ್ಚ್ 19, ಮಂಗಳವಾರ

ಒಬ್ಬರ ಕ್ಷೇತ್ರ ಯಾವುದೆಂದು ಯಾರು ಹೇಳಬೇಕು? ವಾರದಿಂದ ಇದೇ ಗುಂಗು. ಅವರವರನ್ನೇ ಕೇಳಿದರೆ ಎಲ್ಲರೂ ಹೋಗಿ ಗಿಡ್ಡರ ಸಾಲಿನಲ್ಲಿ ನಿಲ್ಲುತ್ತಾರೆ. ಸರಾಸರಿ ಕಡಿಮೆಯಿರುವ ಕಡೆ ಯಾರಾದರೂ ಎತ್ತರ ಕಾಣುತ್ತಾರಲ್ಲ. ವಿಭಾಗದ ಫಲಕ ನೋಡಿ ಹೇಳೋಣವೆಂದರೆ ಭೌತಶಾಸ್ತ್ರ ವಿಭಾಗದಲ್ಲಿ ಕೂತು ಇತಿಹಾಸ ಬರೆಯುವವರಿದ್ದಾರೆ.

ಇವತ್ತು ಬಸ್ಸಿಗೆ ಕಾಯುತ್ತ ನಿಂತಾಗ ಹೊಳೆಯಿತು. ಯಾರ ಯಾವ ಪ್ರಬಂಧ ಅತಿ ಹೆಚ್ಚು ಉಲ್ಲೇಖವಾಗಿದೆಯೋ ಆ ಪ್ರಬಂಧದ ಕ್ಷೇತ್ರವೇ ಅವರ ಕ್ಷೇತ್ರ. ಜಗತ್ತು ಅವರನ್ನು ಯಾವುದಕ್ಕಾಗಿ ಬಲ್ಲದೋ ಅದು. ಯಾರೂ ಮೋಸ ಮಾಡಲಾಗದು, ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸು ಮುಂದೆ ಹೋಗಿ ನಿಂತದ್ದೂ ಗಮನಕ್ಕೆ ಬರಲಿಲ್ಲ.

ಕೂಡಿ ಬರೆದದ್ದಕ್ಕೆ ಪಾಲು ಹಾಕಿದ್ದೇನೆ. ಐದು ಜನ ಬರೆದರೆ ಒಬ್ಬರಿಗೆ ಐದನೇ ಒಂದು.

ಇದರಲ್ಲೊಂದು ಸೊಬಗಿದೆ. ಸೊಬಗಿದ್ದಲ್ಲಿ ತಪ್ಪಿರುವುದು ಅಪರೂಪ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅವರು ಹೇಳಿದ್ದು ಪ್ರಮೇಯಗಳ ಬಗ್ಗೆ. ಮನುಷ್ಯರ ಬಗ್ಗೆ ಏನೆನ್ನುತ್ತಿದ್ದರೋ.

ಮಾರ್ಚ್ 27, ಬುಧವಾರ

ಮೊದಲ ಪಟ್ಟಿ ಅದನ್ನು ಒಪ್ಪಬೇಕಾದ ಸಮಿತಿಯ ಒಂಬತ್ತು ಜನರ ಕೈಗೆ ಹೋಗಿತ್ತು. ಬೆಳಗ್ಗೆಯೇ ಹೃದಯದ ಸರ್ಜನ್ ಬಂದರು. ಸಮಿತಿಯಲ್ಲಿ ಎಲ್ಲರಿಗಿಂತ ಹಿರಿಯರು, ನಿರ್ದೇಶಕರ ಎದೆ ಬಿಚ್ಚಿ ಮುಚ್ಚಿದವರು. ಅವರ ಒಂದೊಂದು ಪ್ರಬಂಧಕ್ಕೂ ನೂರಾರು ಲೇಖಕರು. ಪಾಲು ಹಾಕಿದ ಮೇಲೆ ಅವರಿಗೆ ಉಳಿದದ್ದು ಪುಡಿ.

“ನನ್ನನ್ನ ನೂರು ತುಂಡು ಮಾಡಿದೀರಲ್ಲಮ್ಮ. ಬೇರೆಯವರನ್ನ ಕತ್ತರಿಸೋದು ನನ್ನ ಕೆಲಸ.”

ನಗುತ್ತಲೇ ಹೇಳಿದರು, ನಗುತ್ತಲೇ ಹೋದರು. ಸಂಜೆ ನಿರ್ದೇಶಕರ ಕರೆ. ದೊಡ್ಡ ತಂಡಗಳಿಗೆ ವಿನಾಯಿತಿ: ಇಪ್ಪತ್ತಕ್ಕಿಂತ ಹೆಚ್ಚು ಲೇಖಕರಿದ್ದರೆ ಪಾಲು ಹಾಕುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಇಡೀ ಪ್ರಬಂಧ. ಆರು ಜನ ಕೂಡಿ ಬರೆದರೆ ಆರನೇ ಒಂದು ಪಾಲು, ಅರವತ್ತು ಜನ ಕೂಡಿದರೆ ಒಬ್ಬೊಬ್ಬರಿಗೂ ಪೂರ್ತಿ, ಇದು ಯಾವ ಊರಿನ ನ್ಯಾಯ ಎಂದು ಕೇಳಿದೆ. ಕೇಳಿದೆ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

“ಜೀವ ಉಳಿಸೋರು ಮೇಡಂ” ಎಂದರು ನಿರ್ದೇಶಕರು, ಎದೆ ಮುಟ್ಟಿಕೊಂಡು.

ಒಪ್ಪಿದೆ. ದೊಡ್ಡ ತಂಡ ಕಟ್ಟುವುದೂ ಒಂದು ವಿದ್ಯೆಯಿರಬಹುದು. ಒಂದೇ ಒಂದು ವಿನಾಯಿತಿ, ಇನ್ನು ಇಲ್ಲ ಎಂದು ಹೇಳಿ ಬಂದೆ.

ಏಪ್ರಿಲ್ 2, ಮಂಗಳವಾರ

ಹೊಸ ನಿಯಮ ಹಾಕಿ ಪಟ್ಟಿಯನ್ನು ಮತ್ತೆ ಓಡಿಸಿದೆ. ತಳದ ಗುಂಪಿನಲ್ಲಿ ಪಾಚಿ ಇದ್ದಾಳೆ.

ಮೊದಲು ನನ್ನ ಕೈತಪ್ಪು ಎಂದುಕೊಂಡೆ. ಅಲ್ಲ, ಲೆಕ್ಕ ಸರಿಯಾಗಿದೆ. ಹಿಂದೊಮ್ಮೆ ಆಸ್ಪತ್ರೆಯವರು ಊರಿನ ಹೊಗೆಗೂ ಜನರ ಶ್ವಾಸಕೋಶಕ್ಕೂ ಇರುವ ಸಂಬಂಧ ಹುಡುಕುತ್ತಿದ್ದಾಗ ಇವಳು ಬೀದಿ ದೀಪದ ಕಂಬಗಳಿಗೆ ಹಾವಸೆಯ ಚೀಲ ಕಟ್ಟಿದ್ದಳು. ಹಾವಸೆ ಗಾಳಿಯಲ್ಲಿನ ಲೋಹ ಹೀರಿಕೊಳ್ಳುತ್ತದೆ, ಅದನ್ನು ಅಳೆದರೆ ಗಾಳಿ ಎಂಥದ್ದೆಂದು ತಿಳಿಯುತ್ತದೆ. ಹತ್ತು ವೈದ್ಯರ ಜೊತೆ ಅವಳ ಹೆಸರೂ ಸೇರಿ ಒಂದು ಪ್ರಬಂಧ ಬಂತು. ಅದು ಎಲ್ಲ ಕಡೆ ಹರಡಿತು. ಉಳಿದ ಜೀವಮಾನದ ಕೆಲಸವೆಲ್ಲ ಹಾವಸೆಯ ಬಗ್ಗೆ, ಅತಿ ಹೆಚ್ಚು ಉಲ್ಲೇಖವಾದದ್ದು ಆ ಒಂದು. ನನ್ನ ನಿಯಮದ ಪ್ರಕಾರ ಅವಳ ಕ್ಷೇತ್ರ ವೈದ್ಯಕೀಯ.

ವೈದ್ಯರ ಸರಾಸರಿ ಮೊದಲೇ ಎತ್ತರ. ಮೊನ್ನೆಯ ವಿನಾಯಿತಿಯಿಂದ ಇನ್ನೂ ಮೇಲೆ ಹೋಗಿದೆ. ಅವರ ನಡುವೆ ಪಾಚಿ ನೆಲಕ್ಕಂಟಿದ್ದಾಳೆ. ಸಸ್ಯಶಾಸ್ತ್ರದಲ್ಲಿ ಇಟ್ಟು ನೋಡಿದೆ: ನಡುವಿನಲ್ಲಿ ನೆಮ್ಮದಿಯಾಗಿ ನಿಲ್ಲುತ್ತಾಳೆ.

ಇದು ತಪ್ಪು. ಅವಳದ್ದಲ್ಲ, ನನ್ನ ನಿಯಮದ್ದು. ನಾಳೆಯೇ ಸರಿಮಾಡಬೇಕು.

ಏಪ್ರಿಲ್ 3, ಬುಧವಾರ

ಹಿಂದಿನ ಕಟ್ಟಡದ ಮೆಟ್ಟಿಲ ಮೇಲೆ ಊಟದ ಡಬ್ಬಿ ಬಿಚ್ಚಿ ಕೂತು ಪಾಚಿಗೆ ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು. ನಾನು ಡಾಕ್ಟರಾಗಲಿಲ್ಲವೆಂದು ನಮ್ಮಮ್ಮ ಸಾಯುವ ತನಕ ಕೊರಗಿದಳು, ಈಗ ಇರಬೇಕಿತ್ತು ಎಂದಳು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿದಳು. ಅರ್ಧ ಊಟ ಹಾಗೇ ಇತ್ತು.

“ಕೋಣೇನೂ ಹೋಗುತ್ತಾ?”

ಅವಳು ಕೇಳಿದ್ದು ಅದೊಂದನ್ನೇ. ಕಪಾಟುಗಳ ಚಿಂತೆ ಅವಳಿಗೆ. ಕ್ಷೇತ್ರ ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಲು ಈ ತಿಂಗಳ ಹದಿನೇಳರ ತನಕ ಎಲ್ಲರಿಗೂ ಅವಕಾಶವಿದೆ. ಇವತ್ತೇ ಬರೆದುಕೊಡುತ್ತೇನೆ ಎಂದಳು. ಬೇಡವೆಂದೆ. ಬರೆದುಕೊಟ್ಟರೆ ಅದು ಸಮಿತಿಗೆ ಹೋಗುತ್ತದೆ, ಅಲ್ಲಿ ಸರ್ಜನ್ ಇದ್ದಾರೆ, ನಾವಿಬ್ಬರೂ ಗೆಳತಿಯರೆಂದು ಇಡೀ ಕ್ಯಾಂಪಸ್ಸಿಗೆ ಗೊತ್ತು. ಅದಕ್ಕಿಂತ ನಿಯಮವನ್ನೇ ಒಳಗಿನಿಂದ ತಿದ್ದಿದರೆ ಅವಳಂಥ ಇನ್ನೂ ನಾಲ್ಕು ಜನಕ್ಕೂ ಅನುಕೂಲ.

“ನಾನು ನೋಡ್ಕೋತೀನಿ. ನೀನೇನೂ ಬರೀಬೇಡ.”

ಅವಳು ನನ್ನ ಮುಖ ನೋಡಿದಳು. “ಸರಿ. ನೀನಿದ್ದೀಯಲ್ಲ” ಎಂದು ಮುಚ್ಚಳ ತೆಗೆದು ಉಳಿದದ್ದನ್ನು ತಿಂದಳು.

ಏಪ್ರಿಲ್ 8, ಸೋಮವಾರ

ನಿರ್ದೇಶಕರು ಊರಲ್ಲಿಲ್ಲ.

ತಿದ್ದುಪಡಿಯನ್ನು ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ: ಒಂದೇ ಪ್ರಬಂಧವಲ್ಲ, ಒಬ್ಬರ ಒಟ್ಟು ಬರವಣಿಗೆಯ ಬಹುಪಾಲು ಯಾವ ಕ್ಷೇತ್ರದ್ದೋ ಅದೇ ಅವರ ಕ್ಷೇತ್ರ. ಮೊದಲ ದಿನವೇ ಇದು ಯಾಕೆ ಹೊಳೆಯಲಿಲ್ಲ? ಇದರಲ್ಲಿ ಸೊಬಗಿಲ್ಲ, ಅದಕ್ಕೇ ಇರಬೇಕು.

ಏಪ್ರಿಲ್ 12, ಶುಕ್ರವಾರ

ನಿರ್ದೇಶಕರು ಚಹಾಕ್ಕೆ ಕರೆದರು. ನಮ್ಮ ಅಂಕಿಅಂಶದ ಘಟಕ ಬೆಳೆದು ಕೇಂದ್ರವಾಗುತ್ತದಂತೆ, ಅದಕ್ಕೊಬ್ಬ ಮುಖ್ಯಸ್ಥರು ಬೇಕಂತೆ. “ಪಟ್ಟಿ ತಕರಾರಿಲ್ಲದೆ ಹೊರಬೀಳಲಿ ಮೇಡಂ, ಆಮೇಲೆ ನಾನು ಇನ್ನೊಂದು ಹೆಸರು ಯಾಕೆ ಹುಡುಕಲಿ?”

ನನಗೆ ನಲವತ್ತಾರು. ನನಗಿಂತ ಕಿರಿಯರು, ನನ್ನ ಲೆಕ್ಕವನ್ನು ತಮ್ಮದೆಂದು ಓದಿದವರು, ನನ್ನ ತಲೆಯ ಮೇಲೆ ಬಂದು ಕೂತು ಹೋಗಿದ್ದಾರೆ. ಇದನ್ನು ಬಯಸುವುದು ತಪ್ಪೇ? ಅಲ್ಲವೆಂದೇ ತೋರುತ್ತದೆ.

ಕೆಲವು ಅಂಚಿನ ಪ್ರಕರಣಗಳಿವೆ, ಎರಡು ಕ್ಷೇತ್ರಕ್ಕೆ ಸೇರಿದವರದ್ದು ಎಂದು ಮಾತು ತೆಗೆದೆ. ಅಂಚು ಎಂದ ಮೇಲೆ ಯಾರಾದರೂ ಬೀಳಲೇಬೇಕಲ್ಲ ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಪುಟ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಇವತ್ತು ತೆಗೆದಿದ್ದರೆ ಗೆಳತಿಗಾಗಿ ಎಂದಾಗುತ್ತಿತ್ತು. ಸಮಿತಿಯ ಮುಂದೆ, ಎಲ್ಲರ ಎದುರು ಇಡುವುದೇ ಸರಿ. ಅವಳಿಗೂ ಅದೇ ಒಳ್ಳೆಯದು.

ಏಪ್ರಿಲ್ 17, ಬುಧವಾರ

ಗೆಳತಿಯ ಸಂದೇಶ ಬಂತು: “ಇವತ್ತು ಕೊನೇ ದಿನ. ಬರೆದುಕೊಡಲಾ?”

“ಬೇಡ. ಆಗ್ತಿದೆ” ಎಂದು ಉತ್ತರಿಸಿದೆ. ಒಂದಲ್ಲ ಒಂದು ಆಗುತ್ತಲೇ ಇದೆ, ಸುಳ್ಳಲ್ಲ.

ಏಪ್ರಿಲ್ 25, ಗುರುವಾರ

ಸಭೆ ಚೆನ್ನಾಗಿ ನಡೆಯಿತು. ಸಮಿತಿಯ ಒಂಬತ್ತು ಜನ, ಜೊತೆಗೆ ನಾನೂ ನಿರ್ದೇಶಕರೂ. ನಾನು ವಿವರಿಸಿದ್ದು ಎಲ್ಲರಿಗೂ ಅರ್ಥವಾಯಿತು ಎಂದು ಸರ್ಜನ್ ಅವರೇ ಹೇಳಿದರು, ಅದೂ ಎಲ್ಲರಿಗೂ ಕೇಳುವಂತೆ.

ಕೊನೆಯಲ್ಲಿ ವ್ಯಾಕರಣದ ಪ್ರಾಧ್ಯಾಪಕರು ಒಂದು ಪ್ರಶ್ನೆ ಕೇಳಿದರು: ಒಬ್ಬರು ಎರಡು ದೋಣಿಯಲ್ಲಿ ಕಾಲಿಟ್ಟಿದ್ದರೆ ನಿಮ್ಮ ನಿಯಮ ಅವರನ್ನು ಯಾವ ದೋಣಿಗೆ ಹತ್ತಿಸುತ್ತದೆ? ಪುಟ ನನ್ನ ಫೈಲಿನ ಮೇಲೆಯೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ನಿರ್ದೇಶಕರು ನನ್ನ ಕಡೆ ತಿರುಗಿ, ಆ ಬಗ್ಗೆ ಯಾರಾದರೂ ಬರೆದುಕೊಟ್ಟಿದ್ದಾರೆಯೇ ಎಂದು ಕೇಳಿದರು.

“ಆ ಬಗೆಯ ಲಿಖಿತ ಆಕ್ಷೇಪಣೆ ಯಾವುದೂ ಬಂದಿಲ್ಲ” ಎಂದೆ.

ಅದು ಸತ್ಯ. ಹಾಗಿದ್ದಲ್ಲಿ ಮುಂದಿನ ವಿಷಯ ಎಂದರು.

ತಿದ್ದುಪಡಿಯಾಗಿದ್ದರೆ ಎಲ್ಲರ ಅಂಕಿಯನ್ನೂ ಮತ್ತೆ ಹಾಕಬೇಕಿತ್ತು. ಒಬ್ಬರು ಮೇಲೆ ಬಂದರೆ ಇನ್ನೊಬ್ಬರು ಕೆಳಗೆ ಬೀಳುತ್ತಿದ್ದರು. ಹಾಗೆ ಬೀಳುವವರಿಗೂ ಎಲ್ಲೋ ಒಬ್ಬ ಗೆಳತಿ ಇರುತ್ತಾಳೆ. ನನಗೆ ಗೊತ್ತಿರುವವರೆಂಬ ಒಂದೇ ಕಾರಣಕ್ಕೆ ನಿಯಮ ತಿದ್ದುವುದು ನ್ಯಾಯವೇ? ಇದನ್ನು ನಿಷ್ಪಕ್ಷಪಾತ ಎಂದು ಕರೆಯಬಹುದು ಎನಿಸುತ್ತದೆ.

ಏಪ್ರಿಲ್ 26, ಶುಕ್ರವಾರ

ರಾತ್ರಿ ನಿದ್ದೆ ಚೆನ್ನಾಗಿ ಬಂತು. ಇದನ್ನು ಯಾಕೆ ಬರೆದೆನೋ.

ಮೇ 3, ಶುಕ್ರವಾರ

ಪಟ್ಟಿ ಹೊರಬಿತ್ತು. ಹನ್ನೊಂದರ ಹೊತ್ತಿಗೆ ಸಸ್ಯಶಾಸ್ತ್ರದ ಸಹೋದ್ಯೋಗಿ ನನ್ನ ಕೋಣೆಗೆ ಬಂದರು. ಕುರ್ಚಿ ತೋರಿಸಿದೆ, ಕೂರಲಿಲ್ಲ.

“ಬರೀಬೇಡ ಅಂದಿದ್ದು ನೀನು.”

ಹೌದೆಂದೆ.

“ಯಾಕೆ?”

ಸಮಿತಿಯ ಕಾರ್ಯವಿಧಾನ ವಿವರಿಸಿದೆ. ನಿಯಮವೊಂದನ್ನು ಒಬ್ಬ ವ್ಯಕ್ತಿಯ ಸಲುವಾಗಿ ಸಡಿಲಿಸಿದರೆ ಇಡೀ ಅಳತೆಯ ವಿಶ್ವಾಸಾರ್ಹತೆಗೆ ಧಕ್ಕೆಯಾಗುತ್ತದೆ ಎಂದು ಹೇಳಿದೆ. ಫಲಿತಾಂಶದ ಬಗ್ಗೆ ವೈಯಕ್ತಿಕವಾಗಿ ವಿಷಾದವಿದೆ ಎಂದೂ ಹೇಳಿದೆ. ಹೇಳಿ ಮುಗಿಸುವಾಗ ಗಮನಕ್ಕೆ ಬಂತು, ಇಷ್ಟನ್ನೂ ನಾನು ಇಂಗ್ಲಿಷಿನಲ್ಲಿ ಹೇಳಿದ್ದೆ.

ಆಕೆ ಬಾಗಿಲ ಕಡೆ ಹೊರಟರು. “ಹಾಸ್ಟೆಲ್ಲಲ್ಲಿ ನನ್ನ ಪರವಾಗಿ ವಾರ್ಡನ್ ಹತ್ರ ಸುಳ್ಳು ಹೇಳ್ತಿದ್ದೆ ನೆನಪಿದೆಯಾ? ಎಷ್ಟು ಕೆಟ್ಟದಾಗಿ ಹೇಳ್ತಿದ್ದೆ. ಈಗ ನೋಡು, ಒಂದೂ ಸುಳ್ಳಿಲ್ಲ.”

ಬಾಗಿಲ ಬಳಿ ತಿರುಗಿ ಕಪಾಟುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರು. ಅದು ಉಗ್ರಾಣದವರಿಗೆ ಸೇರಿದ ವಿಷಯ, ವಿಚಾರಿಸಿ ತಿಳಿಸುತ್ತೇನೆ ಎಂದೆ. ವಿಚಾರಿಸಬೇಕು.

ಮೇ 8, ಬುಧವಾರ

ಪಾಚಿ ಯಾಕೆ ಈಚೆಗೆ ಮನೆಗೆ ಬರುತ್ತಿಲ್ಲವೆಂದು ಅಮ್ಮ ಕೇಳಿದಳು. ವಿವರಿಸಿದೆ. ಅಮ್ಮ ಕೇಳುತ್ತ ಕೇಳುತ್ತ ತಟ್ಟೆಯಲ್ಲೇ ಕೈ ಇಟ್ಟುಕೊಂಡು ಕೂತಳು.

“ನಮ್ಮ ಶಾಲೇಲಿ ಒಬ್ಬ ಹುಡುಗ ಒಂದ್ಸಲ ಓಟದಲ್ಲಿ ಗೆದ್ದ. ಜಿಲ್ಲೆಗೇ ಮೊದಲು. ಹಾಗಂತ ಅವನ ಗಣಿತದ ಪೇಪರನ್ನ ನಾವು ಡ್ರಿಲ್ ಮೇಷ್ಟ್ರಿಗೆ ಕೊಡಲಿಲ್ಲ.”

ಅಮ್ಮನ ಉದಾಹರಣೆಗಳು ಯಾವಾಗಲೂ ಸರಳ. ವಿಷಯ ಅಷ್ಟು ಸರಳವಲ್ಲ ಎಂದೆ. ಸರಳ ಇರಬಾರದು ಅಂತಲೇ ತಾನೇ ನೀನು ಓದಿದ್ದು ಎಂದು ಎದ್ದು ಕೈ ತೊಳೆದಳು.

ಮಗಳು ಇದನ್ನೆಲ್ಲ ಕೇಳಿಸಿಕೊಂಡಳು ಎಂದು ಕಾಣುತ್ತದೆ. ಚಿಕ್ಕವಳಿದ್ದಾಗ ಹಾವಸೆ ನೋಡಲೆಂದು ಅವಳಿಗೆ ಉಡುಗೊರೆಯಾಗಿ ಬಂದ ಕೈಮಸೂರವೊಂದು ನನ್ನ ಮೇಜಿನ ಮೇಲೆ ಕಾಗದಕ್ಕೆ ಭಾರವಾಗಿ ಕೂತಿತ್ತು. ಈಗ ಅಲ್ಲಿಲ್ಲ. ಕೇಳಿದ್ದಕ್ಕೆ ಅದು ನನ್ನದು ಎಂದಳು.

ಹದಿನಾರನೇ ವಯಸ್ಸು. ಎಲ್ಲ ಮನೆಯಲ್ಲೂ ಹೀಗೇ ಇರುತ್ತದೆ.

ಮೇ 20, ಸೋಮವಾರ

ನೇಮಕದ ಆದೇಶ ಕೈಗೆ ಬಂತು. ಕೇಂದ್ರದ ಮುಖ್ಯಸ್ಥೆ. ಹಡಗಿನ ಕೆಲಸದಲ್ಲಿರುವ ಯಜಮಾನರು ಅಲ್ಲಿಂದಲೇ ಫೋನ್ ಮಾಡಿ 'ಎಂದೋ ಆಗಬೇಕಿತ್ತು' ಎಂದರು. ನಿಜ.

ಕೇಂದ್ರಕ್ಕೆ ಹಿಂದಿನ ಕಟ್ಟಡದ ನೆಲಮಹಡಿ ಕೊಟ್ಟಿದ್ದಾರೆ. ನಾನು ಕೇಳಿದ್ದಲ್ಲ, ಅಲ್ಲಿ ಮಾತ್ರ ಜಾಗ ಖಾಲಿಯಾಗಿತ್ತು. ಕಪಾಟುಗಳಲ್ಲಿ ಅರ್ಧವನ್ನು ಬೇರೆ ಊರಿನ ವಸ್ತುಸಂಗ್ರಹಾಲಯ ತೆಗೆದುಕೊಂಡಿತಂತೆ. ಇನ್ನರ್ಧ ವಿಲೇವಾರಿಯಾಗಿದೆ ಎಂದು ಉಗ್ರಾಣದವರು ಹೇಳಿದರು. ಹಿಂದೆ ಅಲ್ಲಿದ್ದವರು ಕೊನೆಯ ದಿನ ಬಂದು ಪೊಟ್ಟಣಗಳನ್ನು ಒಂದೊಂದಾಗಿ ನೋಡುತ್ತ ಕೂತಿದ್ದರಂತೆ, ಬಾಗಿಲು ಹಾಕಲು ಬಹಳ ತಡವಾಯಿತಂತೆ.

ನಮ್ಮ ಅಳತೆಯ ಬಗ್ಗೆ ನಾನೂ ನಿರ್ದೇಶಕರೂ ಕೂಡಿ ಬರೆದ ಪ್ರಬಂಧ ಸ್ವೀಕೃತವಾಗಿದೆ. ಅವರ ಹೆಸರು ಮೊದಲು. ಎರಡು ಕ್ಷೇತ್ರಕ್ಕೆ ಸೇರಿದವರ ಸಮಸ್ಯೆಯನ್ನು ನಾನು ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿಯೇ ಒಪ್ಪಿಕೊಂಡಿದ್ದೇನೆ.

ಜೂನ್ 10, ಸೋಮವಾರ

ಅಂಚೆಯಲ್ಲಿ ಒಂದು ಪ್ರಬಂಧದ ಪ್ರತಿ ಬಂತು. ಹೊಸ ಹಾವಸೆಯ ವಿವರಣೆ. ಹೆಸರು ನೋಡಿದೆ. ನನ್ನ ಹೆಸರಿಗೆ ಲ್ಯಾಟಿನ್ ಬಾಲ.

ಹೆಸರಿನ ಕಾರಣ ಹೇಳುವ ಒಂದು ಸಾಲು ಇರುತ್ತದಂತೆ ಇಂಥ ಪ್ರಬಂಧಗಳಲ್ಲಿ. ಇದರಲ್ಲೂ ಇದೆ: ‘ಸಣ್ಣದನ್ನು ಸಣ್ಣದೆಂದು ಎಂದೂ ಕಡೆಗಣಿಸದ ನನ್ನ ಗೆಳತಿಗೆ.’ ಸಿಕ್ಕ ಜಾಗ: ಹಿಂದಿನ ಕಟ್ಟಡದ ಉತ್ತರದ ಗೋಡೆ, ಕಿಟಕಿಯ ಕೆಳಗೆ. ಇನ್ನೆಲ್ಲೂ ಕಂಡಿಲ್ಲ. ವಿವರಣೆಯಲ್ಲಿ ಬೇರಿಲ್ಲ, ಒಣಗಿದಾಗ ಗುರುತು ಹಿಡಿಯುವುದು ಕಷ್ಟ ಎಂದೆಲ್ಲ ಇದೆ. ಇದರಲ್ಲಿ ನನಗೇನಾದರೂ ಮಾತಿದೆಯೇ ಎಂದು ಯೋಚಿಸುತ್ತ ಕೂತಿದ್ದೆ. ಯಾವ ಹಾವಸೆಗೂ ಬೇರಿರುವುದಿಲ್ಲ ಎಂದು ಮಗಳು ಹೇಳಿ ಹೋದಳು. ಈ ವಾರ ಅವಳು ನನಗೆ ಹೇಳಿದ ವಾಕ್ಯ ಅದೊಂದೇ.

ಫೋನ್ ಮಾಡಿದೆ. ಎರಡನೇ ಸಲಕ್ಕೆ ಎತ್ತಿದರು. ಧನ್ಯವಾದ ಹೇಳಿದೆ, ಕಳಿಸಿದ್ದು ಸಂತೋಷವಾಯಿತು ಎಂದೆ.

“ಕಳಿಸಿದ್ದು ನಾನಲ್ಲ. ಹೆಸರು ಯಾರದ್ದೋ ಅವರಿಗೊಂದು ಪ್ರತಿ ಪತ್ರಿಕೆಯವರೇ ಕಳಿಸ್ತಾರೆ.”

ಆದರೂ ದೊಡ್ಡ ಗೌರವ ಎಂದೆ.

“ಪಟ್ಟಿ ಬರೋ ಹೊತ್ತಿಗೆ ಅಚ್ಚಾಗಿಹೋಗಿತ್ತು. ಮುಂಚೆ ಗೊತ್ತಾಗಿದ್ರೆ ಬದಲಾಯಿಸ್ತಿದ್ದೆ. ಇನ್ನು ಆಗಲ್ಲ, ನಿಮಗೆ ಗೊತ್ತಲ್ಲ. ನಮ್ಮ ನಿಯಮಕ್ಕೆ ವಿನಾಯಿತಿ ಇಲ್ಲ.”

ನಿಮಗೆ ಎಂದರು.

ಫೋನ್ ಇಟ್ಟ ಮೇಲೆ ಸುಮ್ಮನೆ ಕುತೂಹಲಕ್ಕೆ ಆ ಪತ್ರಿಕೆಯನ್ನು ನಾವು ಎಣಿಸುವ ಪತ್ರಿಕೆಗಳ ಪಟ್ಟಿಯಲ್ಲಿ ಹುಡುಕಿದೆ. ಇಲ್ಲ. ನಮ್ಮ ಅಳತೆಯಲ್ಲಿ ಅದಕ್ಕೆ ಲೆಕ್ಕವಿಲ್ಲ.

ಜೂನ್ 19, ಬುಧವಾರ

ಹೊಸ ಕೋಣೆಯ ಕೆಲಸ ಮುಗಿಯುತ್ತ ಬಂದಿದೆ. ನಲ್ಲಿ, ತೊಟ್ಟಿ ತೆಗೆಸಿದ್ದಾಯಿತು. ಉತ್ತರದ ಗೋಡೆಯ ತೇವ ಒಳಗೆ ಇಳಿಯುತ್ತದೆ, ಹೊರಗಿನಿಂದ ಕೆರೆದು ನೀರು ಹಿಡಿಯದ ಬಣ್ಣ ಬಳಿಯಬೇಕು ಎಂದು ಬಣ್ಣದ ಮೇಸ್ತ್ರಿ ಕರೆದು ತೋರಿಸಿದ.

ಕಿಟಕಿಯ ಕೆಳಗೆ ಮೂರ್ನಾಲ್ಕು ಬಗೆಯ ಹಸಿರಿತ್ತು. ಪ್ರಬಂಧದಲ್ಲಿದ್ದ ಚಿತ್ರ ತರಿಸಿ ಹಿಡಿದು ನೋಡಿದೆ. ಎಲೆಯ ತುದಿಯಲ್ಲಿ ಕೂದಲೆಳೆಯಂಥ ಬಿಳಿ ಇರಬೇಕಂತೆ. ಬರಿಗಣ್ಣಿಗೆ ಕಾಣಲಿಲ್ಲ. ಮಸೂರ ಮಗಳ ಹತ್ತಿರ. ಇದರಲ್ಲಿ ನನ್ನದು ಯಾವುದೆಂದು ಹೇಳಬಲ್ಲವರು ಈ ಕಟ್ಟಡದಲ್ಲಿ ಯಾರಿದ್ದಾರೆ ಎಂದು ಯೋಚಿಸಿದೆ.

ಸೋಮವಾರ ಹೊಸ ಕಂಪ್ಯೂಟರುಗಳು ಬರುತ್ತವೆ, ಅಷ್ಟರೊಳಗೆ ಗೋಡೆ ಒಣಗಬೇಕು. ಒಂದು ಕಡೆ ಸ್ವಲ್ಪ ಬಿಟ್ಟು ಕೆರೆಯಲಾ ಮೇಡಂ ಎಂದು ಮೇಸ್ತ್ರಿ ತಾನಾಗಿಯೇ ಕೇಳಿದ, ನಾನು ಬಗ್ಗಿ ನೋಡುತ್ತಿದ್ದುದನ್ನು ಕಂಡು. ಯಾವ ಕಡೆ ಬಿಡು ಎಂದು ಹೇಳಲಿ?

ಎಲ್ಲ ಒಂದೇ ಸಮ ಕೆರೆಯಪ್ಪ ಎಂದೆ.